ಸಕ್ಕುಬಾಯಿಯ ಎಡಗಾಲು

ಪುಣೆಯ ಬಿಬವೇವಾಡಿಯ ಆ ಗಲ್ಲಿಯಲ್ಲಿ ಯಾರಿಗಾದರೂ ಟೊಂಕ ಹಿಡಿಯಿತೆಂದರೆ ಔಷಧದ ಅಂಗಡಿಗಿಂತ ಮೊದಲು ಸಕ್ಕುಬಾಯಿಯ ಎಡಗಾಲು ನೆನಪಾಗುತ್ತಿತ್ತು. ಆಳಂದದ ಕಡೆಯಿಂದ ಬಂದು ನೆಲೆಯೂರಿದ ಜನ ಅಲ್ಲಿ ಸಾಕಷ್ಟಿದ್ದಾರೆ. ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವವರು, ಉಳ್ಳಾಗಡ್ಡಿ ಆರಿಸುವವರು, ಕಟ್ಟಡದ ಕೆಲಸಕ್ಕೆ ಹೋಗುವವರು. ಇವರೆಲ್ಲರ ಆಸ್ತಿ ಅಂದರೆ ಬೆನ್ನು. ಅದು ಕೈಕೊಟ್ಟ ದಿನ ಸಕ್ಕುಬಾಯಿಯ ಬಾಗಿಲಿಗೆ ಬರುತ್ತಿದ್ದರು.

ಸಕ್ಕುಬಾಯಿ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರನ್ನು ಮರಾಠಿ ಮಂದಿ ಪಾಯಾಳು ಅನ್ನುತ್ತಾರೆ. ಪಾಯಾಳು ಆದವರು ನೋಯುವ ಬೆನ್ನಿನ ಮೇಲೆ ಎಡಗಾಲನ್ನು ಮೂರು ಸಲ ಇಟ್ಟು ತೆಗೆದರೆ ಹಿಡಿದದ್ದು ಬಿಡುತ್ತದೆ, ಅಮಾವಾಸ್ಯೆಯ ಬೆಳಗ್ಗೆ ಇಟ್ಟರೆ ಇನ್ನೂ ಬೇಗ ಬಿಡುತ್ತದೆ ಎಂದು ಗಲ್ಲಿಯ ನಂಬಿಕೆ. ಸಕ್ಕುಬಾಯಿ ಇದಕ್ಕೆ ಯಾರಿಂದಲೂ ಒಂದು ಪೈಸೆ ಮುಟ್ಟಿದವಳಲ್ಲ. ತೆಂಗಿನಕಾಯಿ ತಂದವರನ್ನೂ ಬೈದು ಕಳಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಹೆಸರು. ಗಂಡ ಸತ್ತು, ಕಟ್ಟಡದ ಬುಟ್ಟಿ ಹೊತ್ತು, ಮಗನನ್ನು ದೊಡ್ಡವನನ್ನಾಗಿ ಮಾಡಿದ ಹೆಂಗಸು. ಊರಿನಿಂದ ಬರಿಗೈಯಲ್ಲಿ ಬಂದಿದ್ದಳು. ಪುಣೆಯಲ್ಲಿ ಅವಳಿಗೆ ಸ್ವಂತದ್ದು ಅಂತ ಇದ್ದದ್ದು ಆ ಹೆಸರೊಂದೇ. ಅದನ್ನು ಅವಳು ಚಿನ್ನದ ಸರದ ಹಾಗೆ ಜೋಪಾನ ಮಾಡಿದ್ದಳು.

ಇದನ್ನೆಲ್ಲ ಹತ್ತಿರದಿಂದ ನೋಡಿದವಳು ಸೊಸೆ ಶಿವಕಾಂತಾ. ಅವಳಿಗೆ ಅತ್ತೆಯ ಮೇಲೆ ದ್ವೇಷವಿರಲಿಲ್ಲ, ಪ್ರೀತಿ ಉಕ್ಕಿ ಹರಿಯುತ್ತಲೂ ಇರಲಿಲ್ಲ. ಹತ್ತಿರದ ಫ್ಲ್ಯಾಟುಗಳ ಎರಡು ಮನೆಯ ಅಡುಗೆ ಮುಗಿಸಿ ಬಂದು ತನ್ನ ಮನೆಯ ಅಡುಗೆ ಮಾಡುವ ಹೆಂಗಸಿಗೆ ಅಮಾವಾಸ್ಯೆ ಬಂತೆಂದರೆ ತಲೆನೋವು. ಬಂದವರಿಗೆಲ್ಲ ಚಹಾ ಆಗಬೇಕು. ಕಾಲು ಅತ್ತೆಯದು, ಚಹಾ ಸೊಸೆಯದು. ಜನರ ಬಾಯಲ್ಲಿ ಹೊಗಳಿಕೆ ಮಾತ್ರ ಕಾಲಿಗೇ ಹೋಗುತ್ತಿತ್ತು. ಇನ್ನು ಹೊಗಳಿಸಿಕೊಂಡವಳ ನಾಲಿಗೆಯೋ, ಚಹಾದಲ್ಲಿ ಶುಂಠಿ ಕಡಿಮೆಯಾದರೆ ನಾಲ್ಕು ಜನರ ಎದುರೇ ಹೇಳಿಬಿಡುವಂಥದ್ದು. ಟೊಂಕ ಹಿಡಿದದ್ದು ನಾಲ್ಕು ದಿನಕ್ಕೆ ತಾನಾಗಿಯೇ ಬಿಡುತ್ತದಲ್ಲ ಎಂದು ಶಿವಕಾಂತಾಳಿಗೆ ಎಷ್ಟೋ ಸಲ ಅನ್ನಿಸಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೇನು ತಲೆ ಕೆಟ್ಟಿರಲಿಲ್ಲ.

ಒಂದು ಸಂಜೆ ಸಕ್ಕುಬಾಯಿ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸ ಮುಗಿಸಿ ಷೇರ್ ರಿಕ್ಷಾದ ಹಿಂದಿನ ಸೀಟಿನಲ್ಲಿ ಕುಳಿತು ಮನೆಗೆ ಬರುತ್ತಿದ್ದಳು. ರಿಕ್ಷಾದವನು ಸ್ಪೀಡ್ ಬ್ರೇಕರ್ ನೋಡದೆ ಹಾರಿಸಿದ. ಸಕ್ಕುಬಾಯಿ ಸೀಟಿನಿಂದ ಮೇಲೆದ್ದು ದೊಪ್ಪೆಂದು ಕುಳಿತಳು. ಅಷ್ಟೇ. ಬಿದ್ದದ್ದಿಲ್ಲ, ತಲೆ ತಾಗಿದ್ದಿಲ್ಲ. ಆದರೆ ರಿಕ್ಷಾ ಇಳಿದಾಗ ನೆಟ್ಟಗೆ ನಿಲ್ಲಲಾಗದೆ, ಗೋಡೆ ಹಿಡಿದುಕೊಂಡು ಮನೆಯವರೆಗೆ ಬಂದಳು. ಮರುದಿನ ಬೆಳಗ್ಗೆ ಏಳಲಾಗಲಿಲ್ಲ. ಪಕ್ಕಕ್ಕೆ ಹೊರಳಿದರೂ ಬೆನ್ನಿನ ನಡುವೆ ಚೂರಿ ಆಡಿಸಿದ ಹಾಗೆ ನೋವು.

"ದವಾಖಾನಿಗಿ ಹೋಗಮ್ರಿ ಅತ್ತಿ," ಅಂದಳು ಶಿವಕಾಂತಾ.

"ಟೊಂಕ ಹಿಡದದಕ್ಕ ದವಾಖಾನಿ? ಮಂದಿ ನಕ್ಕೊಂತ ಸಾಯ್ತಾರ. ಸಕ್ಕುಬಾಯಿ ಟೊಂಕ ಡಾಕ್ಟರ್ ಬಿಡಿಸಿದ ಅಂತ ಗಲ್ಲ್ಯಾಗ ಡಂಗುರ ಹೊಡಸಬೇಕೇನು?"

ಮಾತು ಮುಗಿಯಿತು. ಪಾಯಾಳುವಿನ ಬೆನ್ನಿಗೆ ಪಾಯಾಳುವಿನ ಕಾಲೇ ಬೇಕು, ತನ್ನ ಕಾಲು ತನ್ನ ಬೆನ್ನಿಗೆ ಎಟುಕುವುದಿಲ್ಲ. ಸಕ್ಕುಬಾಯಿ ಮೊದಲು ಮೊಮ್ಮಗಳು ಸೋನಾಲಿಯತ್ತ ನೋಡಿದಳು. ಕಾಲೇಜಿಗೆ ಹೋಗುವ ಸೋನಾಲಿ ಹೊಟ್ಟೆಯಲ್ಲಿದ್ದಾಗ ಅವಳದ್ದೂ ಕಾಲೇ ಮುಂದಾಗಿತ್ತು. ಆದರೆ ಡಾಕ್ಟರು ಆಪರೇಷನ್ ಮಾಡಿ ತೆಗೆದಿದ್ದರು. ಹೊಟ್ಟೆ ಕೊಯ್ದು ತೆಗೆದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಗಲ್ಲಿಯ ಹಿರಿಯರಲ್ಲಿ ಬಹಳ ಹಿಂದೆಯೇ ವಾದ ನಡೆದು, ಇನ್ನೂ ತೀರ್ಮಾನವಾಗಿರಲಿಲ್ಲ.

"ನನಗ ಕರೀಬ್ಯಾಡ ಆಯಿ," ಅಂದಳು ಸೋನಾಲಿ. "ನಾ ಬಾಗಲದಿಂದ ಬಂದಾಕಿ ಅಲ್ಲ, ಕಿಡಕಿಯಿಂದ ಬಂದಾಕಿ."

ಹೀಗಾಗಿ ಹಿಂದಿನ ಗಲ್ಲಿಯ ಧರ್ಮರಾಜನಿಗೆ ಕರೆ ಹೋಯಿತು. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವ ಧರ್ಮರಾಜ ಎತ್ತಿನಂಥ ಆಳು, ಮನಸ್ಸು ಮಾತ್ರ ಕರುವಿನದು. ಅವನೂ ಕಾಲು ಮುಂದಾಗಿ ಹುಟ್ಟಿದವನೇ. ಸಕ್ಕುಬಾಯಿಯ ಮುಂದೆ ತನ್ನ ಕಾಲಿನ ದೊಡ್ಡಸ್ತಿಕೆ ಹೇಳಿಕೊಂಡವನಲ್ಲ. ಅವನು ಸಂಕೋಚದಿಂದಲೇ ಬಂದು, ಕೈ ಮುಗಿದು, ಬೋರಲು ಮಲಗಿದ್ದವಳ ಬೆನ್ನಿಗೆ ಮೂರು ಸಲ ಹಗುರವಾಗಿ ಕಾಲು ತಾಗಿಸಿದ.

"ಏನೋ ಇರುವಿ ಹರದಂಗ ಇಡ್ತಿ," ಅಂದಳು ಸಕ್ಕುಬಾಯಿ. "ಗಟ್ಟಿ ಇಡು."

"ಅಕ್ಕ, ನಿಮ್ಮ ವಯಸ್ಸಿಗೆ..."

"ವಯಸ್ಸು ನಂದು ಅದ, ಕಾಲು ನಿಂದು ಅದ. ಇಡು ಅಂದ್ರ ಇಡು."

ಧರ್ಮರಾಜ ಕಾಲಿಟ್ಟು ಒತ್ತಿದ. ಆಗ ಸಕ್ಕುಬಾಯಿಯ ಬಾಯಿಂದ ಬಂದ ಸದ್ದನ್ನು ಶಿವಕಾಂತಾ ಅದುವರೆಗೆ ಕೇಳಿರಲಿಲ್ಲ. ಗಂಡ ಸತ್ತ ದಿನವೂ ಆ ಹೆಂಗಸು ಹಾಗೆ ಕೂಗಿರಲಿಲ್ಲವಂತೆ. ಧರ್ಮರಾಜ ತಟ್ಟನೆ ಕಾಲು ತೆಗೆದ. ಅವನು ಹಿಂದಕ್ಕೆ ಸರಿದು ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಟ್ಟ.

ಇನ್ನು ಅತ್ತೆಯ ಮಾತು ಕೇಳುವ ಹೊತ್ತಲ್ಲ ಎಂದು ಶಿವಕಾಂತಾ ಅಂದೇ ಮೊದಲ ಸಲ ನಿರ್ಧರಿಸಿದಳು. ಖರಾಡಿಯ ಕಟ್ಟಡದ ಮೇಲೆ ಗೋಡೆ ಕಟ್ಟುವ ಗೌಂಡಿ ಕೆಲಸದಲ್ಲಿದ್ದ ಗಂಡ ದತ್ತುವಿಗೆ ಫೋನ್ ಮಾಡಿದಳು. ಗಾದಿಯ ಸಮೇತ ಅತ್ತೆಯನ್ನು ಒಂದು ವ್ಯಾನಿನಲ್ಲಿ ಮಲಗಿಸಿ ಆಸ್ಪತ್ರೆಗೆ ತಂದರು.

ಅಲ್ಲಿನ ಮೂಳೆ ವಿಭಾಗದಲ್ಲಿದ್ದ ಡಾಕ್ಟರ್ ಭವ್ಯಶ್ರೀ ಹಾಸನದ ಕಡೆಯವಳು. ಕನ್ನಡ ಕೇಳಿದ್ದೇ ಅವಳ ಮುಖ ಅರಳಿತು. ಅವಳು ಸಕ್ಕುಬಾಯಿಯ ಪಾದ ಹಿಡಿದು, "ಅಜ್ಜಿ, ನನ್ನ ಕೈನ ತಳ್ಳಿ ನೋಡೋಣ. ಕಾಲು ಮರಗಟ್ಟಿದ ಹಾಗೆ ಇದ್ಯಾ? ಮೂತ್ರ ಸರಿಯಾಗಿ ಹೋಗ್ತಿದ್ಯಾ?" ಎಂದೆಲ್ಲ ಕೇಳಿದಳು. ಎಲ್ಲವೂ ಸರಿಯಿತ್ತು. ಆಮೇಲೆ ಕೇಳಿದಳು, "ಬೆನ್ನನ್ನ ಯಾರಾದ್ರೂ ಒತ್ತಿದ್ರಾ? ತಿಕ್ಕಿದ್ರಾ?"

"ಇಲ್ರಿ," ಅಂದಳು ಸಕ್ಕುಬಾಯಿ.

ಶಿವಕಾಂತಾ ಬಾಯಿ ತೆರೆದಳು. ಅತ್ತೆಯ ಕಣ್ಣು ಅವಳನ್ನು ಅಲ್ಲೇ ನಿಲ್ಲಿಸಿತು. ಧರ್ಮರಾಜನನ್ನು ಉಳಿಸಲು ಹೇಳಿದ ಸುಳ್ಳೋ, ತನ್ನ ಕಾಲಿನ ಮರ್ಯಾದೆ ಉಳಿಸಲು ಹೇಳಿದ್ದೋ ಶಿವಕಾಂತಾಳಿಗೆ ತಿಳಿಯಲಿಲ್ಲ. ಎರಡೂ ಇರಬಹುದು ಅಂದುಕೊಂಡು ಸುಮ್ಮನಾದಳು.

ಎಕ್ಸ್‌ರೇ ಬಂತು, ಸ್ಕ್ಯಾನಿಂಗ್ ಆಯಿತು. ಭವ್ಯಶ್ರೀ ಫಿಲ್ಮನ್ನು ಬೆಳಕಿಗೆ ಹಿಡಿದು ಮನೆಯವರನ್ನೆಲ್ಲ ಹತ್ತಿರ ಕರೆದಳು. ಬೆನ್ನುಮೂಳೆ ಅಂದರೆ ಒಂದೇ ಕೋಲಲ್ಲ, ಒಂದರ ಮೇಲೊಂದು ಕೂತ ತುಂಡುಗಳು ಎಂದು ತೋರಿಸಿದಳು. ಎಲ್ಲ ತುಂಡುಗಳೂ ಚೌಕವಾಗಿದ್ದವು. ನಡುವೆ ಒಂದು ಮಾತ್ರ ಮುಂದುಗಡೆ ತಗ್ಗಾಗಿ, ಹಿಂದುಗಡೆ ಎತ್ತರವಾಗಿತ್ತು.

ದತ್ತು ಅದನ್ನು ಬಹಳ ಹೊತ್ತು ನೋಡಿದ. "ಇಟ್ಟಂಗಿ ಕುಂತದಲ್ರಿ ಇದು," ಅಂದ. "ಮುಂದಿನ ಮೂಲಿ ಪುಡಿಯಾಗಿ ಕುಂತದ, ಹಿಂದಿನ ಮೂಲಿ ಹಂಗೇ ಅದ. ಇದರ ಮ್ಯಾಗಿನ ಗ್ವಾಡಿ ಮುಂದಕ್ಕ ವಾಲ್ತದ."

"ಕರೆಕ್ಟ್. ಅದಕ್ಕೇ ಕೆಲವರ ಬೆನ್ನು ಬಾಗಿಬಿಡೋದು," ಅಂದಳು ಭವ್ಯಶ್ರೀ. "ಪುಣ್ಯಕ್ಕೆ ಹಿಂದಿನ ಗೋಡೆ ಗಟ್ಟಿಯಾಗಿದೆ. ಅದರ ಹಿಂದೇನೇ ನರ ಹೋಗೋದು. ಇಲ್ಲಿ ನೋಡಿ, ಇದರ ಮೇಲಿನದ್ದೂ ಸ್ವಲ್ಪ ಕುಸಿದಿದೆ. ಇದು ಹಳೇದು, ಹಾಗೇ ಕೂಡ್ಕೊಂಡಿದೆ. ಇತ್ತೀಚೆಗೆ ನಿಮ್ಮತ್ತೆ ಗಿಡ್ಡ ಆಗಿದ್ದಾರೆ ಅನ್ನಿಸಿಲ್ವಾ?"

ಶಿವಕಾಂತಾಳಿಗೆ ಅಡುಗೆಮನೆಯ ಹಲಗೆ ನೆನಪಾಯಿತು. ಹೋದ ವರ್ಷದಿಂದ ಅತ್ತೆ ಮೇಲಿನ ಹಲಗೆಯ ಡಬ್ಬಿಯನ್ನು ತಾನು ತೆಗೆಯದೆ, ಕೂತಲ್ಲಿಂದಲೇ "ಅದು ತಗಿ, ಇದು ತಗಿ" ಅನ್ನಲು ಶುರು ಮಾಡಿದ್ದಳು. ದರ್ಬಾರು ಜಾಸ್ತಿಯಾಯಿತು ಎಂದು ಶಿವಕಾಂತಾ ಮನಸ್ಸಿನಲ್ಲೇ ಬೈದುಕೊಂಡಿದ್ದಳು. ಕೈ ಎಟುಕದೆ ಹೋಗಿತ್ತು, ಅದನ್ನು ಹೇಳಿಕೊಳ್ಳಲಾರದ ಹೆಂಗಸು ಅಪ್ಪಣೆ ಕೊಡುತ್ತಿದ್ದಳು.

ಭವ್ಯಶ್ರೀ ಬಿಡಿಸಿ ಹೇಳಿದಳು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಒಳಗಿಂದ ಸವೆಯುತ್ತ ಬರುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ, ನೋವೂ ಇರುವುದಿಲ್ಲ. ಅಂಥ ಮೂಳೆ ಮುರಿಯಲು ಮಾಳಿಗೆಯಿಂದ ಬೀಳಬೇಕಾಗಿಲ್ಲ. ಒಂದು ಕೊಡ ಎತ್ತಿದರೆ ಸಾಕು, ಗಾಡಿ ಕುಲುಕಿದರೆ ಸಾಕು, ಕೆಲವರಿಗೆ ಜೋರಾಗಿ ಕೆಮ್ಮಿದರೂ ಸಾಕು. "ಎಷ್ಟೋ ಜನಕ್ಕೆ ಮುರಿದಿದೆ ಅಂತಾನೇ ಗೊತ್ತಾಗಲ್ಲ. ಉಳುಕು ಅಂದ್ಕೊಂಡು ಸುಮ್ನೆ ಇದ್ದುಬಿಡ್ತಾರೆ. ಇಲ್ಲಾ ನೀವಿಸ್ಕೋತಾರೆ, ತುಳಿಸ್ಕೋತಾರೆ."

ಮಂಚದ ಮೇಲಿದ್ದ ಸಕ್ಕುಬಾಯಿ ಅದುವರೆಗೆ ಸೂರು ನೋಡುತ್ತಿದ್ದವಳು ಈಗ ಕೇಳಿದಳು, "ಡಾಕ್ಟರಬಾಯಿ, ಮುರದದ್ದು ಗೊತ್ತಿಲ್ಲದ ಮ್ಯಾಲ ಕಾಲಿಟ್ರ ಏನಾಗ್ತದ?"

"ಇನ್ನೂ ಕುಸಿಯುತ್ತೆ ಅಜ್ಜಿ. ಒಂದು ಚೂರು ಹಿಂದಕ್ಕೆ ಸರಿದು ನರಕ್ಕೆ ಒತ್ತಿದ್ರೆ ಕಾಲಿನ ಸ್ವಾಧೀನಾನೇ ಹೋಗಬಹುದು."

"ಹಗುರಕ ಇಟ್ರ?"

"ಹಗುರವಾಗಿ ಇಟ್ರೆ ಮೂಳೆಗೆ ಏನೂ ಆಗಲ್ಲ. ಆದ್ರೆ ವಾಸಿಯಾಯ್ತು ಅಂತ ನಂಬ್ಕೊಂಡು ಮಾರನೇ ದಿನ ಭಾರ ಎತ್ತೋಕೆ ಹೋಗ್ತಾರಲ್ಲ, ಆಗ ಆಗುತ್ತೆ."

ಸಕ್ಕುಬಾಯಿ ಆ ದಿನ ಊಟ ಬೇಡವೆಂದಳು. ನೋವಿಗೆ ಅಂದುಕೊಂಡರು ಎಲ್ಲರೂ. ಶಿವಕಾಂತಾಳಿಗೆ ಮಾತ್ರ ಅದು ಬೆನ್ನಿನ ನೋವಲ್ಲ ಎಂದು ಅನುಮಾನ ಬಂತು. ಇಷ್ಟು ವರ್ಷ ತನ್ನ ಬಾಗಿಲಲ್ಲಿ ಬೋರಲು ಮಲಗಿದ ಮುದುಕಿಯರ ಬೆನ್ನುಗಳನ್ನು ಅತ್ತೆ ಒಂದೊಂದಾಗಿ ನೆನೆಯುತ್ತಿದ್ದಾಳೆ ಅನ್ನಿಸಿತು.

ಕೊಯ್ಯುವ ಅಗತ್ಯ ಬೀಳಲಿಲ್ಲ. ಮೂಳೆ ತಾನೇ ಕೂಡಿಕೊಳ್ಳುತ್ತದೆ, ಆದರೆ ಅದಕ್ಕೆ ಬಿಡುವು ಕೊಡಬೇಕು ಎಂದಳು ಭವ್ಯಶ್ರೀ. ನೋವು ತಗ್ಗದೇ ಇದ್ದರೆ ಸೂಜಿಯಿಂದ ಆ ತುಂಡಿನೊಳಗೆ ಸಿಮೆಂಟ್ ತುಂಬುವ ದಾರಿಯೂ ಉಂಟು, ಈಗಲೇ ಬೇಡ ಎಂದಳು. ಸಿಮೆಂಟ್ ಎಂದದ್ದೇ ದತ್ತುವಿಗೆ ಡಾಕ್ಟರ ಮೇಲೆ ಪೂರ್ತಿ ವಿಶ್ವಾಸ ಬಂದುಬಿಟ್ಟಿತು. ಎದೆಯಿಂದ ಸೊಂಟದವರೆಗಿನ ಬೆಲ್ಟು ಕೊಟ್ಟರು, ಮೂಳೆ ಗಟ್ಟಿಯಾಗಲು ಒಂದು ಇಂಜೆಕ್ಷನ್ ಕೊಟ್ಟರು. ಆ ಇಂಜೆಕ್ಷನ್ ವರ್ಷಕ್ಕೊಮ್ಮೆ ಆಗಬೇಕು, ಕ್ಯಾಲ್ಸಿಯಂ ಮಾತ್ರೆ ದಿನಾ ನುಂಗಬೇಕು. ನೆಲಕ್ಕೆ ಕೂರಬಾರದು, ಮುಂದಕ್ಕೆ ಬಾಗಬಾರದು, ಭಾರ ಎತ್ತಬಾರದು. ಹಾಗಂತ ತಿಂಗಳುಗಟ್ಟಲೆ ಮಲಗಿಯೂ ಇರಬಾರದು, ಮಲಗಿದಷ್ಟೂ ಮೂಳೆ ಸವೆಯುತ್ತದೆ.

ಮನೆಗೆ ಬಂದ ಮೇಲೆ ಶಿವಕಾಂತಾ ತನ್ನ ಅತ್ತೆಯನ್ನು ಹೊಸದಾಗಿ ನೋಡಿದಳು. ಹಾಸಿಗೆಯಿಂದ ಏಳುವುದನ್ನೇ ಮೊದಲಿನಿಂದ ಕಲಿಯಬೇಕಾಗಿತ್ತು. ಮೊಣಕಾಲು ಮಡಚಿ, ಹೆಗಲು ಸೊಂಟ ಎರಡನ್ನೂ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗೆ ಇಳಿಬಿಟ್ಟು, ಮೊಣಕೈ ಊರಿ ಏಳಬೇಕು. ನಡುವೆ ತಿರುಚಿದರೆ ಜೀವ ಹೋಗುವ ನೋವು. ಸಕ್ಕುಬಾಯಿ ಹಲ್ಲು ಕಚ್ಚಿ ಹೊರಳುತ್ತಿದ್ದಳು, ಎದ್ದು ನಿಂತು ಬೆವರು ಒರೆಸಿಕೊಳ್ಳುತ್ತಿದ್ದಳು, ಆಮೇಲೆ "ನಡಿ" ಅನ್ನುತ್ತಿದ್ದಳು. ಮೊದಲು ಮಂಚದಿಂದ ಬಾಗಿಲವರೆಗೆ, ಆಮೇಲೆ ನಳದವರೆಗೆ, ಆಮೇಲೆ ಗಲ್ಲಿಯ ತುದಿಯವರೆಗೆ. ಒಂದು ದಿನವೂ ಇವತ್ತು ಬೇಡ ಅನ್ನಲಿಲ್ಲ. ಅಡುಗೆಗೆ ಹೋಗುವ ಮನೆಯ ಯಜಮಾನರು ಬೆರಳಿಗೆ ಮುಳ್ಳು ಚುಚ್ಚಿದರೂ ಸೋಫಾ ಬಿಟ್ಟು ಏಳದಿರುವುದನ್ನು ಕಂಡಿದ್ದ ಶಿವಕಾಂತಾಳಿಗೆ, ಈ ಮುದುಕಿಯ ಗಟ್ಟಿತನ ಕಂಡು ಗೌರವ ಹುಟ್ಟಿತು. ಬಾಗಲಾಗದ ಅತ್ತೆಗೆ ಅವಳೇ ಚಪ್ಪಲಿ ತೊಡಿಸುತ್ತಿದ್ದಳು. ಮೊದಮೊದಲು ಸಕ್ಕುಬಾಯಿ ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

"ಎಳೀಬ್ಯಾಡ್ರಿ ಅತ್ತಿ. ಬಿದ್ರ ಮತ್ತ ನನಗೇ ಕೆಲಸ," ಅನ್ನುತ್ತಿದ್ದಳು ಶಿವಕಾಂತಾ.

ಈ ನಡುವೆ ಗಲ್ಲಿಯಲ್ಲಿ ಗುಸುಗುಸು ಎದ್ದಿತ್ತು. ಮಂದಿಯ ಟೊಂಕ ಬಿಡಿಸುವವಳ ಟೊಂಕವೇ ಮುರಿಯಿತಂತೆ, ಕಾಲಿನ ಗುಣ ಹೋಯಿತಂತೆ. ಧರ್ಮರಾಜ ಮಾತ್ರ ತುಟಿ ಬಿಚ್ಚಿರಲಿಲ್ಲ. ಅವನು ಆ ದಿನದಿಂದ ಸಕ್ಕುಬಾಯಿಯ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಿದ್ದ. ಸಕ್ಕುಬಾಯಿಯ ಕಿವಿಗೂ ಮಾತು ಬಿತ್ತು. "ಬೆಲ್ಟ್ ಬಿಚ್ಚಿದ ಮ್ಯಾಲ ನೋಡ್ಕೋತೀನಿ ಅವರಿಗಿ," ಅಂದಳೇ ಹೊರತು, ಏನು ನೋಡಿಕೊಳ್ಳುತ್ತಾಳೆ ಎಂಬುದನ್ನು ಹೇಳಲಿಲ್ಲ. ಮತ್ತೆ ಕಾಲಿಡುತ್ತಾಳೋ ಬಿಡುತ್ತಾಳೋ ಎಂಬುದು ಶಿವಕಾಂತಾಳಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಬೆಲ್ಟು ಬಿಚ್ಚುವ ಮೊದಲೇ ಅಮಾವಾಸ್ಯೆ ಬಂತು. ಬೆಳಗ್ಗೆ ಬಾಗಿಲಿಗೆ ಬಂದವಳು ಚನ್ನಬಸವ್ವ. ಮಾರ್ಕೆಟ್ ಯಾರ್ಡಿನ ಹೊರಗೆ ಮೆಂತ್ಯ, ರಾಜಗಿರಿ ಮಾರುವ ಚನ್ನಬಸವ್ವ ಸಕ್ಕುಬಾಯಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಊರಿನಿಂದ ಒಂದೇ ಬಸ್ಸಿನಲ್ಲಿ ಬಂದ ಗೆಳತಿ. ಹಿಂದಿನ ದಿನ ಸೊಪ್ಪಿನ ಬುಟ್ಟಿ ಎತ್ತಿ ತಲೆಗೇರಿಸುವಾಗ ಬೆನ್ನಿನಲ್ಲಿ ಲಟಕ್ ಅಂದಿತಂತೆ. ಮಗ ಅಂಬಣ್ಣ ಅವಳ ಬಗಲಿಗೆ ಕೈ ಕೊಟ್ಟು ಕರೆದುಕೊಂಡು ಬಂದಿದ್ದ. ಹಿಂದೆ ಗಲ್ಲಿಯ ಹೆಂಗಸರ ಗುಂಪೇ ಇತ್ತು. ಅವರಿಗೆ ಚನ್ನಬಸವ್ವನ ಬೆನ್ನಿಗಿಂತ ಸಕ್ಕುಬಾಯಿಯ ಕಾಲನ್ನು ನೋಡುವ ಆತುರ.

ಚನ್ನಬಸವ್ವ ವಾಡಿಕೆಯಂತೆ ಬಾಗಿಲ ಒಳಗಿನ ಚಾಪೆಯ ಮೇಲೆ ನರಳುತ್ತ ಬೋರಲು ಮಲಗಿದಳು. "ಸಕ್ಕು, ಇಡವ್ವ ಒಮ್ಮಿ. ಈ ನೋವು ಹೋತು ಅನ್ನಂಗ ಮಾಡು," ಅಂದಳು.

ಸಕ್ಕುಬಾಯಿ ಬೆಲ್ಟು ಕಟ್ಟಿಕೊಂಡು ಗೋಡೆ ಹಿಡಿದು ಬಂದು ನಿಂತಳು. ಅಲ್ಲಿದ್ದವರೆಲ್ಲ ಬಾಗಿಲ ಬಳಿ ಒತ್ತಿಕೊಂಡು ಬಂದರು. ಶಿವಕಾಂತಾಳಿಗೆ ಎಲ್ಲವೂ ಸ್ಪಷ್ಟವಾಗಿ ಕಾಣಿಸಿತು. ಹಗುರವಾಗಿ ಮೂರು ಸಲ ತಾಗಿಸಿದರೆ ಸಾಕು, ಗುಸುಗುಸು ಇಲ್ಲಿಗೇ ನಿಲ್ಲುತ್ತದೆ, ಹೋದ ಹೆಸರು ಮರಳಿ ಬರುತ್ತದೆ. ಆಮೇಲೆ ಮೆಲ್ಲಗೆ ದವಾಖಾನೆಗೂ ಕಳಿಸಬಹುದು. ತಾಗಿಸಿಬಿಡಲಿ ಎಂದು ಶಿವಕಾಂತಾಳ ಮನಸ್ಸೂ ಅಂದಿತು. ಅತ್ತೆಯ ಹೆಸರು ಹೋಗುವುದು ಅವಳಿಗೂ ಬೇಡವಾಗಿತ್ತು, ತನಗೆ ಹಾಗನ್ನಿಸಿದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು.

ಸಕ್ಕುಬಾಯಿ ಎಡಗಾಲು ಎತ್ತಿದಳು. ಒಂದು ಗಳಿಗೆ ಹಾಗೇ ಹಿಡಿದಳು. ಆಮೇಲೆ ಅದನ್ನು ನೆಲದ ಮೇಲೆ ಇಟ್ಟಳು.

"ಚನ್ನಬಸವ್ವ, ನಾ ಕಾಲಿಡಂಗಿಲ್ಲ," ಅಂದಳು. "ನಿಂದು ಟೊಂಕ ಹಿಡದಿಲ್ಲ. ನಿನ್ನ ಎಲುಬು ಮುರದದೋ ಏನೋ. ದವಾಖಾನಿಗಿ ಹೋಗಿ ಫೋಟೋ ತಗಸು."

"ಬುಟ್ಟಿ ಎತ್ತಿದ್ರ ಎಲುಬು ಮುರೀತದೇನ್ರಿ?" ಅಂಬಣ್ಣನಿಗೆ ಸಿಟ್ಟು ಬಂತು. "ನಿಮಗ ಆಗಂಗಿಲ್ಲಂದ್ರ ಆಗಂಗಿಲ್ಲ ಅನ್ರಿ. ನಾ ಧರ್ಮರಾಜಗ ಕರೀತೀನಿ."

ಹೇಳಿದವನು ಫೋನ್ ಮಾಡಿಯೂ ಬಿಟ್ಟ. ಹಿಂದಿನ ಗಲ್ಲಿಯವನು, ಬರಲು ಎಷ್ಟು ಹೊತ್ತು. ಕರೆದರೆ ಇಲ್ಲವೆನ್ನಲಾರದೆ ಬಂದ ಧರ್ಮರಾಜ ಸಕ್ಕುಬಾಯಿಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಗುಂಪಿನಲ್ಲಿ ಯಾರೋ, "ಈಗ ಇವನ ಕಾಲೇ ಖರೇ," ಅಂದರು.

ಸಕ್ಕುಬಾಯಿ ಚನ್ನಬಸವ್ವನಿಗೂ ಧರ್ಮರಾಜನಿಗೂ ನಡುವೆ ಬಂದು ನಿಂತಳು. ನಿಂತ ರೀತಿ ಹೇಗಿತ್ತೆಂದರೆ, ಆ ಬೆಲ್ಟಿನೊಳಗೆ ಮುರಿದ ಬೆನ್ನಿದೆ ಅಂದರೆ ಯಾರೂ ನಂಬುತ್ತಿರಲಿಲ್ಲ.

"ಕೇಳ್ರಿ ಎಲ್ಲಾರೂ," ಅಂದಳು. ದನಿ ಎತ್ತರಿಸಲಿಲ್ಲ. "ಇಂವ ನನ್ನ ಬೆನ್ನ ಮ್ಯಾಲ ಕಾಲಿಟ್ಟಾನ. ಇವಂದು ತಪ್ಪಲ್ಲ. ಕರಸಿದಾಕಿ ನಾ, ಗಟ್ಟಿ ಇಡು ಅಂದಾಕಿ ನಾ. ಬ್ಯಾಡ ಅಂದ್ರೂ ಕೇಳಲಾರದಾಕಿ ನಾ. ಅದರಿಂದ ನನಗ ಭಾಳ ತ್ರಾಸ ಆತು. ಡಾಕ್ಟರಬಾಯಿ ಕೇಳಿದ್ರ ಯಾರೂ ಒತ್ತಿಲ್ಲ ಅಂತ ಸುಳ್ಳು ಹೇಳೀನಿ."

ಧರ್ಮರಾಜ ತಲೆ ಎತ್ತಲಿಲ್ಲ.

"ಇನ್ನೊಂದು ಹೇಳ್ತೀನಿ. ನನ್ನ ಕಾಲಿನಾಗ ಏನೂ ಇಲ್ಲ. ಮದಲೂ ಇರಲಿಲ್ಲ. ನಾಕು ದಿನಕ್ಕ ತಾನೇ ಹೋಗೋ ನೋವು ಹೋಗ್ತಿತ್ತು, ಹೆಸರು ನಾ ತಗೋತಿದ್ದೆ. ನೋವು ಹೋಗಲಾರದವರು ಹೊಳ್ಳಿ ಬರ್ತಿರಲಿಲ್ಲ, ಅವರಿಗಿ ನಾ ಕೇಳ್ತಿರಲಿಲ್ಲ. ಈಕಿ ನನ್ನ ಗೆಳತಿ. ಈಕಿ ಬೆನ್ನ ಮ್ಯಾಲ ನಂದಾಗ್ಲಿ, ಧರ್ಮರಾಜಂದಾಗ್ಲಿ, ಯಾರ ಕಾಲೂ ಬೀಳಂಗಿಲ್ಲ. ಇಡಬೇಕಂದ್ರ ಮದಲ ನನಗ ದಾಟಿ ಹೋಗ್ರಿ."

ಒಬ್ಬಳು ಹಿಂದಿನಿಂದ, "ಹಂಗಾದ್ರ ಇಷ್ಟು ದಿನ ನಮಗ ಮಳ್ಳ ಮಾಡಿದಿ ಅಂದಂಗಾತು," ಅಂದಳು.

"ಹೂಂ," ಅಂದಳು ಸಕ್ಕುಬಾಯಿ. "ನಾನೂ ಮಳ್ಳಾಗಿದ್ದೆ."

ಅಂಬಣ್ಣ ಏನು ಮಾಡಬೇಕೆಂದು ತಿಳಿಯದೆ ತಾಯಿಯನ್ನೂ ಸಕ್ಕುಬಾಯಿಯನ್ನೂ ನೋಡಿದ. ಆಗ ಮಾತಾಡಿದವನು ಧರ್ಮರಾಜ. "ಅಂಬಣ್ಣ, ಹಲಗಿ ತರ್ತೀನಿ. ಹೊತ್ಕೊಂಡು ಹೋಗಮು," ಅಂದ. ಮರುಗಳಿಗೆ ಎಲ್ಲಿಂದಲೋ ಅಗಲವಾದ ಹಲಗೆ ತಂದ.

"ಬಗಲಿಗೆ ಕೈ ಹಾಕಿ ಎತ್ತಬ್ಯಾಡ್ರಿ," ಅಂದಳು ಸಕ್ಕುಬಾಯಿ. "ಹೆಗಲು, ಟೊಂಕ, ತೊಡಿ, ಮೂರೂ ಒಮ್ಮಿಗೇ ಹೊಳ್ಳಬೇಕು. ಚನ್ನಬಸವ್ವ, ನೀ ಬಿಗಿ ಹಿಡೀಬ್ಯಾಡ, ಸುಮ್ನ ಅವರ ಕೈಯಾಗ ಮೈ ಬಿಡು."

ಶಿವಕಾಂತಾ ಸೊಂಟದ ಬಳಿ ಕೂತಳು, ಇಬ್ಬರು ಹೆಂಗಸರು ಹೆಗಲು ತೊಡೆ ಹಿಡಿದರು. ಸಕ್ಕುಬಾಯಿ "ಹೂಂ" ಅಂದ ಕೂಡಲೇ ಚನ್ನಬಸವ್ವನನ್ನು ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಿದರು. ಜೀವನವಿಡೀ ಮೂಟೆಗಳನ್ನು ಎತ್ತಿ ಎಸೆದ ಧರ್ಮರಾಜ ಆ ಹಲಗೆಯ ತುದಿಯನ್ನು, ಅದರ ಮೇಲೆ ತುಂಬಿದ ಹಾಲಿನ ಪಾತ್ರೆಯಿದೆಯೇನೋ ಎಂಬ ಹಾಗೆ ಹಿಡಿದು ನಡೆದ. ಅಂಬಣ್ಣ ಕರೆತಂದ ಟೆಂಪೋದವನಿಗೆ, ಸ್ಪೀಡ್ ಬ್ರೇಕರ್ ಬಂದಲ್ಲಿ ಗಾಡಿ ನಿಲ್ಲಿಸಿ ದಾಟಿಸಬೇಕೆಂದು ತಾಕೀತು ಮಾಡಿ ಜೊತೆಗೇ ಹತ್ತಿದ.

ಜನ ಚದುರಿದರು. ಹೋಗುವಾಗ ಯಾರೂ ಸಕ್ಕುಬಾಯಿಯನ್ನು ಮಾತಾಡಿಸಲಿಲ್ಲ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತು ಗೋಡೆ ನೋಡತೊಡಗಿದಳು. ಶಿವಕಾಂತಾ ಆ ದಿನ ಅಡುಗೆಯ ಮನೆಗಳಿಗೆ ರಜೆ ಹೇಳಿದಳು. ಮಧ್ಯಾಹ್ನ ಅತ್ತೆಗೆ ಗಂಜಿ ಕೊಟ್ಟಳು, ಅವಳು ಅರ್ಧ ಕುಡಿದು ಬಟ್ಟಲು ಕೆಳಗಿಟ್ಟಳು. "ಫೋಟೋದಾಗ ಏನೂ ಇಲ್ಲಂದ್ರ?" ಎಂದು ಒಮ್ಮೆ ಕೇಳಿದಳು. "ಬರೇ ಟೊಂಕ ಹಿಡದಿದ್ರ?"

"ಹಂಗಿದ್ರ ಚಲೋನೇ ಆತಲ್ರಿ," ಅಂದಳು ಶಿವಕಾಂತಾ. ಆದರೆ ಹಾಗೇನಾದರೂ ಆಗಿಬಿಟ್ಟರೆ ಈ ಗಲ್ಲಿ ಅತ್ತೆಯನ್ನು ಸಾಯುವವರೆಗೆ ಆಡಿಕೊಂಡು ನಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಸಂಜೆ ಅಂಬಣ್ಣ ಬಂದ. ಒಳಗೆ ಬಂದವನು ಮೊದಲು ನೀರು ಬೇಡಿದ, ಕುಡಿದ, ಆಮೇಲೆ ಗೋಡೆಗೆ ಒರಗಿ ಕೂತ. ಮೂಳೆ ಮುರಿದಿತ್ತು. ಬರೀ ಮುಂದಿನ ಭಾಗ ಕುಸಿದದ್ದಲ್ಲ, ಹಿಂದಿನ ಗೋಡೆಯೂ ಬಿರುಕುಬಿಟ್ಟು ಒಂದು ಚೂರು ನರದ ಕಡೆಗೆ ಸರಿದಿತ್ತು. ದೊಡ್ಡ ಡಾಕ್ಟರು ನೋಡಿದ್ದರು, ಬಹುಶಃ ಆಪರೇಷನ್ ಆಗಬಹುದು ಅಂದಿದ್ದರು.

"ಕನ್ನಡ ಡಾಕ್ಟರಬಾಯಿ ನನಗ ಹೊರಗ ಕರದ್ಲು," ಅಂದ ಅಂಬಣ್ಣ. "ಯಾರರೆ ಬೆನ್ನು ತುಳದೀರೇನು ಅಂತ ಕೇಳಿದ್ಲು. ಇಲ್ರಿ, ಒಬ್ಬಾಕಿ ತುಳೀಲಾಕ ಬಿಡಲಿಲ್ಲ ಅಂದೆ. ಹಂಗಿದ್ರ ಆಕಿಯಿಂದ ನಿಮ್ಮವ್ವಗ ಕಾಲು ಉಳದಾವ ಅಂದ್ಲು." ಎದ್ದು ಬಂದು ಸಕ್ಕುಬಾಯಿಯ ಪಾದದ ಮೇಲೆ ಹಣೆ ಇಡಲು ಬಾಗಿದ.

"ನನಗ್ಯಾಕ ಬೀಳ್ತಿ," ಅಂದಳು ಸಕ್ಕುಬಾಯಿ. "ಹೊತ್ಕೊಂಡು ಹೋದಾಂವ ಧರ್ಮರಾಜ. 'ಅಕ್ಕ ಬಾ ಅಂದಾಳ, ಇನ್ನ ಮನಿ ಮುಂದ ಹಾಯಲಿಕ್ಕ ಅಂಜಬ್ಯಾಡ' ಅಂತ ಅವಗ ಹೇಳು. ಮದಲ ಇದು ಹೇಳು, ನಿಮ್ಮವ್ವ ಉಂಡಾಳೇನು?"

"ಉಂಡಾಳ್ರಿ."

"ಹಂಗಾದ್ರ ಹೋಗು. ಆಕಿ ಹತ್ತರ ಇರು."

ಅಂಬಣ್ಣ ಹೋದ. ಸಕ್ಕುಬಾಯಿ ಹಾಸಿಗೆಗೆ ಬಂದು, ಕಲಿತ ಹಾಗೆಯೇ ಮೊಣಕೈ ಊರಿ ಪಕ್ಕಕ್ಕೆ ಒರಗಿದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದವಳ ಹೆಗಲು ಅಲುಗುತ್ತಿತ್ತು. ಶಿವಕಾಂತಾ ಸದ್ದಿಲ್ಲದೆ ಹತ್ತಿರ ಬಂದು ಕೂತಳು. ಅತ್ತೆ ಅಳುವುದನ್ನು ಅವಳು ನೋಡಿರಲಿಲ್ಲ, ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಗೆಳತಿಯ ಕಾಲು ಉಳಿದ ಸಂತೋಷಕ್ಕೆ ಅಳುತ್ತಿದ್ದಾಳೋ, ತನ್ನದಾಗಿದ್ದ ಒಂದೇ ಒಂದನ್ನು ಬೆಳಗ್ಗೆ ಎಲ್ಲರೆದುರು ತಾನೇ ತೆಗೆದು ಎಸೆದ ದುಃಖಕ್ಕೋ. ಯಾವುದಕ್ಕಾದರೂ ಇರಲಿ, ಇಂಥ ಇನ್ನೊಬ್ಬ ಹೆಂಗಸನ್ನು ತಾನು ಕಂಡಿಲ್ಲ ಎಂದು ಶಿವಕಾಂತಾಳಿಗೆ ಅನ್ನಿಸಿತು. ಮುರಿದ ಬೆನ್ನನ್ನು ನೆಟ್ಟಗಿಟ್ಟುಕೊಂಡು ತನ್ನ ಹೆಸರನ್ನು ತಾನೇ ಮುರಿದುಕೊಂಡಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಕಡೆಯಿಂದಲೇ ಸಕ್ಕುಬಾಯಿ ಕೇಳಿದಳು, "ಇನ್ನ ಗಲ್ಲ್ಯಾಗ ನನಗ ಏನಂತ ಕರೀತಾರ ಶಿವಕಾಂತಾ?"

"ಅವರೇನರೆ ಕರೀಲ್ರಿ," ಅಂದಳು ಶಿವಕಾಂತಾ. "ನನಗ ಯಾರರೆ ಕೇಳಿದ್ರ ನಾ ಸಕ್ಕುಬಾಯಿ ಸೊಸಿ ಅಂತ ಹೇಳ್ತೀನಿ. ಇಷ್ಟು ವರ್ಷ ದತ್ತು ಹೆಂಡತಿ ಅಂತ ಹೇಳ್ತಿದ್ದೆ."

ಸಕ್ಕುಬಾಯಿ ಹಿಂದಕ್ಕೆ ಕೈ ಚಾಚಿ ತಡಕಾಡಿ ಸೊಸೆಯ ಕೈ ಹಿಡಿದುಕೊಂಡಳು.

"ಈ ಕಡಿ ಹೊಳ್ಳಬೇಕಾಗ್ಯದ," ಅಂದಳು. "ಟೊಂಕಕ್ಕ ಕೈ ಹಚ್ಚು."